ಪಿಸ್ತೂಲಿಗೆ ಅರಿಶಿನ ಕುಂಕುಮ

ನಮ್ಮ ಅಡುಗೆಮನೆಯ ಡಬ್ಬಿಗಳಲ್ಲಿ ಎರಡು ಪಂಗಡಗಳಿವೆ. ಮೈಸೂರಿನಿಂದ ಸೂಟ್‌ಕೇಸಿನೊಳಗೆ ಸೀರೆಗಳ ನಡುವೆ ಕೂತು ಬಂದ ಸ್ಟೀಲ್ ಡಬ್ಬಿಗಳದು ಒಂದು. ಇಲ್ಲಿ ಜಪಾನಿನ ಎಡೋಗಾವಾದಲ್ಲಿ ನಮ್ಮ ಅರಿವಿಗೆ ಬಾರದಂತೆ ವಂಶಾಭಿವೃದ್ಧಿ ಮಾಡಿಕೊಂಡ ಪ್ಲಾಸ್ಟಿಕ್ ಡಬ್ಬಿಗಳದು ಇನ್ನೊಂದು. ಯಾರಿಗಾದರೂ ತಿಂಡಿ ಕೊಟ್ಟು ಕಳಿಸುವಾಗ ಪ್ಲಾಸ್ಟಿಕ್ಕು, ಏಕೆಂದರೆ ಅದು ಹಿಂದಿರುಗದಿದ್ದರೂ ನಿದ್ದೆ ಕೆಡುವುದಿಲ್ಲ. ಮನೆಯ ಬಳಕೆಗೆ ಸ್ಟೀಲು. ಈ ಅಲಿಖಿತ ಸಂವಿಧಾನಕ್ಕೆ ಕಳೆದ ಮಾರ್ಚಿನಿಂದ ಭಂಗ ಬಂದಿದೆಯೆಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ. ಬೇಳೆ, ರವೆ, ಮೆಂತ್ಯ, ಎಲ್ಲವೂ ಒಂದೊಂದಾಗಿ ಪ್ಲಾಸ್ಟಿಕ್ಕಿಗೆ ವಲಸೆ ಹೋಗಿದ್ದವು. ಸ್ಟೀಲಿನವು ಮೇಲಿನ ಅಟ್ಟದಲ್ಲಿ ಖಾಲಿ ಹೊಟ್ಟೆಯಲ್ಲಿ ಹೊಳೆಯುತ್ತಿದ್ದವು.

ಕಾರಣ ಸರಳ. ಪ್ಲಾಸ್ಟಿಕ್ ಮುಚ್ಚಳ ಬೆರಳ ತುದಿಯ ಮಾತು ಕೇಳುತ್ತದೆ. ಸ್ಟೀಲ್ ಮುಚ್ಚಳ ಮುಷ್ಟಿಯ ಮಾತನ್ನು ಮಾತ್ರ ಕೇಳುತ್ತದೆ. ಮಾರ್ಚಿನ ಒಂದು ಬೆಳಿಗ್ಗೆ, ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಮೂಲಂಗಿಯ ಕಟ್ಟನ್ನಿಟ್ಟುಕೊಂಡು ಒದ್ದೆ ರಸ್ತೆಯಲ್ಲಿ ತಿರುಗುವಾಗ ನಾನು ಬಿದ್ದೆ, ಬಲಗೈ ಮಣಿಕಟ್ಟು ಮುರಿಯಿತು. ಮೂಲಂಗಿಗೆ ಏನೂ ಆಗಲಿಲ್ಲ. ಮೂಳೆ ಕೂಡಿತು, ಬಲ ಕೂಡಲಿಲ್ಲ. ದಿನಚರಿ ಬರೆಯಲು ಪೆನ್ನು ಹಿಡಿದರೆ ಅಕ್ಷರಗಳು ನಾಲ್ಕನೆಯ ಸಾಲಿಗೇ ತೂಕಡಿಸುತ್ತಿದ್ದವು. ಟೈಪ್ ಮಾಡು ಎಂದರು ಪತಿ ಪ್ರಕಾಶ್. ಅವರಿಗೆ ಜಗತ್ತಿನ ಎಲ್ಲ ತೊಂದರೆಗಳಿಗೂ ಕೀಲಿಮಣೆಯೇ ಪರಿಹಾರ. ಇತಿಹಾಸದ ವಿದ್ಯಾರ್ಥಿನಿಯಾಗಿದ್ದ ನನಗೆ ನನ್ನ ಜ್ಞಾಪಕಶಕ್ತಿಯ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ಆ ದಿನ ಆ ಕೈ ಬರೆದದ್ದನ್ನಷ್ಟೇ ನಂಬುವವಳು. ಕೈಯೇ ಸಾಕ್ಷಿ ಹೇಳಲು ನಿರಾಕರಿಸಿದರೆ ನಾನು ಏನು ಮಾಡಬೇಕು? ಇಲ್ಲಿನ ಬೇಸಿಗೆಯ ಕೊನೆಗೆ, ಆಗಸ್ಟಿನಲ್ಲಿ, ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವಾಕೆ, ಇನ್ನೂ ಬಲ ಬರುತ್ತದೆಯೇ ಎಂಬ ನನ್ನ ಪ್ರಶ್ನೆಗೆ, ತಲೆಯನ್ನು ಒಂದು ಕಡೆಗೆ ವಾಲಿಸಿ 'ಚೊತ್ತೊ...' ಎಂದು ಸುಮ್ಮನಾದಳು. 'ಸ್ವಲ್ಪ' ಎಂಬರ್ಥದ ಮಾತು ಅದು. ಇಲ್ಲಿ ಕೆಟ್ಟ ಸುದ್ದಿಯನ್ನು ಅಷ್ಟಕ್ಕೇ ನಿಲ್ಲಿಸುತ್ತಾರೆ, ಉಳಿದದ್ದನ್ನು ಕೇಳುವವರು ತುಂಬಿಕೊಳ್ಳಬೇಕು. ನಾನು ತುಂಬಿಕೊಳ್ಳುವುದಿಲ್ಲವೆಂದು ಅಂದೇ ತೀರ್ಮಾನಿಸಿದೆ.

ಹಾಗೆ ತೀರ್ಮಾನಿಸಿ ಹೊರಬಂದ ಗಂಭೀರ ಮಹಿಳೆ ನೇರವಾಗಿ ಮನೆಗೆ ಹೋಗಬೇಕಿತ್ತು. ಮಳೆ ಶುರುವಾಯಿತು, ಹಗಲಿರುಳೂ ತೆರೆದಿರುವ ಕೊಂಬಿನಿ ಅಂಗಡಿಯೆಂದುಕೊಂಡು ಪಕ್ಕದ ಬಾಗಿಲನ್ನು ತಳ್ಳಿದೆ, ಒಳಗೆ ಗೋಡೆಯ ತುಂಬ ಪಿಸ್ತೂಲುಗಳಿದ್ದವು.

ಹೆದರಬೇಡಿ. ಈ ದೇಶದಲ್ಲಿ ಸಾಮಾನ್ಯ ಮನುಷ್ಯರು ಅಸಲಿ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಅದಕ್ಕಾಗಿಯೇ ಇರಬೇಕು, ನಕಲಿಯನ್ನು ದೇವರ ಮೂರ್ತಿ ಕೆತ್ತುವ ಶ್ರದ್ಧೆಯಿಂದ ಮಾಡುತ್ತಾರೆ. ಅನಿಲದ ಒತ್ತಡದಿಂದ ಪುಟ್ಟ ಪ್ಲಾಸ್ಟಿಕ್ ಗುಂಡು ಹಾರಿಸುವ ಇವನ್ನು ಹಿಡಿದು ದೊಡ್ಡವರು, ಕಚೇರಿ ಮುಗಿಸಿ, ಟೈ ಸಡಿಲಿಸಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಅಂಗಡಿಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಅಂಗೈಯಗಲದ ತಗಡುಗಳನ್ನು ಬೀಳಿಸುತ್ತಾರೆ. ಅಂಗಡಿಯ ಒಡೆಯ ಒಕುದಾ-ಸಾನ್, ಅರವತ್ತು ದಾಟಿದ ತೆಳ್ಳನೆಯ ವ್ಯಕ್ತಿ, ನನ್ನ ಮಣಿಕಟ್ಟಿನ ಪಟ್ಟಿಯನ್ನು ನೋಡಿ, ಕೊಡೆ ಬೇಕೇ ಎಂದು ಕೇಳುವ ದನಿಯಲ್ಲೇ, ಒಮ್ಮೆ ಹಿಡಿದು ನೋಡುತ್ತೀರಾ ಎಂದರು. ಹಿಡಿದೆ. ತೋಳು ಚಾಚಿದ ಮರುಕ್ಷಣ ಬಾಯಿ ನೆಲ ನೋಡಿತು, ಪಿಸ್ತೂಲಿನದು, ನಂತರ ನನ್ನದೂ. ಆಸ್ಪತ್ರೆಯಲ್ಲಿ ಕೊಟ್ಟ ಮೆತ್ತನೆಯ ಚೆಂಡನ್ನು ಹಿಸುಕುವಾಗ ಎಂದೂ ಬರದ ಒಂದು ಹಟ ಆಗ ಬಂದಿತು. ಅಕ್ಟೋಬರಿನಲ್ಲಿ ಹೊಸಬರಿಗೆಂದು ಒಂದು ಸ್ಪರ್ಧೆಯಿತ್ತು. ಹೆಸರು ಕೊಟ್ಟೆ. ಸ್ವಂತ ಪಿಸ್ತೂಲು ತರಬೇಕೆಂಬುದು ನಿಯಮ.

ಆಯ್ಕೆ ಕೊನೆಗೆ ಎರಡಕ್ಕೆ ಬಂದು ನಿಂತಿತು. ಎರಡೂ ದೊಡ್ಡ ಕ್ಯಾಲಿಬರಿನವು, ಅಂದರೆ ಅಗಲ ನಳಿಗೆಯವು, ಎರಡರ ಮೈಮೇಲೂ ನಲವತ್ತೈದು ಎಂದು ಕೆತ್ತಿತ್ತು. ಒಂದು ನೂರು ವರ್ಷದ ಹಿಂದಿನ ಉಕ್ಕಿನ ಪಿಸ್ತೂಲಿನ ಪ್ರತಿರೂಪ: ಭಾರ, ಆದರೆ ಗುಂಡುಗಳು ಒಂದರ ಮೇಲೊಂದು ಒಂದೇ ಸಾಲಿನಲ್ಲಿ ಕೂರುವುದರಿಂದ ಹಿಡಿ ತೆಳು. ಇನ್ನೊಂದು ಈ ಕಾಲದ ಪಾಲಿಮರ್ ಪಿಸ್ತೂಲಿನದು: ಹಗುರ, ಚೌಕ ಮುಖ, ಗುಂಡುಗಳು ಅಕ್ಕಪಕ್ಕ ಒತ್ತಿಕೊಂಡು ಕೂರುವುದರಿಂದ ಹಿಡಿ ದಪ್ಪ. ಅಂದರೆ ನನ್ನ ಮಣಿಕಟ್ಟು ಪಾಲಿಮರ್ ಬೇಡುತ್ತಿತ್ತು, ನನ್ನ ಗಿಡ್ಡ ಬೆರಳುಗಳು ಉಕ್ಕನ್ನು ಬೇಡುತ್ತಿದ್ದವು. ಒಂದೇ ಕೈಯಲ್ಲಿ ಎರಡು ಪಕ್ಷ. ಇಷ್ಟೆಲ್ಲ ಸಮರಸಿದ್ಧತೆಯಾದ ಮೇಲೆ ಎರಡರ ಬಾಯಿಂದಲೂ ಹೊರಬರುವುದು ಸಬ್ಬಕ್ಕಿ ಕಾಳಿನಷ್ಟೇ ಇರುವ ಬಿಳಿ ಗುಂಡು ಎಂಬುದನ್ನು ನಾನು ಮನೆಯಲ್ಲಿ ಮುಚ್ಚಿಟ್ಟೆ.

ಮುಚ್ಚಿಡಲು ಬಿಡುವವಳೇ ತನ್ವಿ? ಇಲ್ಲೇ ಹುಟ್ಟಿ, ಕನ್ನಡವನ್ನು ಕಿವಿಯಲ್ಲಿಟ್ಟುಕೊಂಡು ನಾಲಿಗೆಯನ್ನು ಬೇರೆ ಭಾಷೆಗಳಿಗೆ ಬಾಡಿಗೆ ಕೊಟ್ಟಿರುವ ನನ್ನ ಮಗಳು ಫೋನಿನಲ್ಲಿ ಹುಡುಕಿ ನೋಡಿ ನಕ್ಕಳು. "ಅಮ್ಮಾ, ಬೋತ್ ಆರ್ ಪ್ಲಾಸ್ಟಿಕ್! ಸ್ಟೀಲ್ ಒನ್ ಕೂಡ. ಹೊಂತೊ ನಿ!" ನಿಜವಾಗಿಯೂ ಹೌದೇ ಎಂದು ಮರುದಿನ ಒಕುದಾ-ಸಾನ್‌ರನ್ನು ಕೇಳಿದೆ. ನಿಜವೇ. ಉಕ್ಕಿನಂತೆ ಕಾಣುವುದು ಲೋಹದ ಪುಡಿ ಬೆರೆಸಿದ ಭಾರದ ಪ್ಲಾಸ್ಟಿಕ್ಕು. ಪೂರ್ತಿ ಲೋಹದ ಮಾದರಿ ಪಿಸ್ತೂಲೆಂದರೆ ಕಾನೂನಿನ ಪ್ರಕಾರ ಅದಕ್ಕೆ ಬಿಳಿ ಅಥವಾ ಹಳದಿ ಬಣ್ಣ ಬಳಿಯಬೇಕು, ನಳಿಗೆಯ ಬಾಯಿ ಮುಚ್ಚಿರಬೇಕು. ಗಾಜಿನ ಕಪಾಟಿನಿಂದ ಅಂಥ ಒಂದನ್ನು ತೆಗೆದು ತೋರಿಸಿದರು. ಯಾರೋ ಪಿಸ್ತೂಲಿಗೆ ಮೈತುಂಬ ಅರಿಶಿನ ಹಚ್ಚಿ ಮದುವೆಗೆ ಕೂರಿಸಿದಂತಿತ್ತು. ಉಕ್ಕಿನದೆಂದು ತೋರುವುದು ಪ್ಲಾಸ್ಟಿಕ್ಕು, ಲೋಹದ್ದು ಆಟಿಕೆಯಂತೆ ತೋರುತ್ತದೆ. ಮೂರರಲ್ಲಿ ಸುಳ್ಳಾಡದೆ ನಿಂತದ್ದು ಪಾಲಿಮರ್ ಒಂದೇ, ಅದು ಅನುಕರಿಸುವ ಅಸಲಿ ಪಿಸ್ತೂಲಿನ ಮೈಯೇ ಪ್ಲಾಸ್ಟಿಕ್ಕಾದ್ದರಿಂದ. ಸತ್ಯಸಂಧರು ಅದನ್ನೇ ಆರಿಸಬೇಕು.

ಆದರೆ ನನಗೆ ಅಪ್ಪನ ಪಿಸ್ತೂಲು ನೆನಪಾಗಿತ್ತು. ಅಪ್ಪ ಮೈಸೂರಿನಲ್ಲಿ ಪೊಲೀಸ್ ಇಲಾಖೆಯಲ್ಲಿದ್ದರು. ಆಯುಧಪೂಜೆಯ ದಿನ ಅವರ ಪಿಸ್ತೂಲು, ಅಮ್ಮನ ಈಳಿಗೆಮಣೆ, ಅಣ್ಣನ ಜಾಮಿಟ್ರಿ ಪೆಟ್ಟಿಗೆ ಒಂದೇ ಮಣೆಯ ಮೇಲೆ ಚೆಂಡುಹೂ ಮುಡಿದು ಕೂರುತ್ತಿದ್ದವು. ಪೂಜೆ ಮುಗಿದ ಮೇಲೆ ಖಾಲಿ ಪಿಸ್ತೂಲನ್ನು ಅಪ್ಪ ನನ್ನ ಅಂಗೈ ಮೇಲಿಟ್ಟರು. ತಣ್ಣನೆಯ ಉಕ್ಕು, ಕೈ ಜಗ್ಗಿ ನೆಲಕ್ಕೆ ಬಂದೀತೆನ್ನುವ ಭಾರ. ಈ ಚಿತ್ರ ಎಷ್ಟು ಸ್ಪಷ್ಟವಾಗಿದೆಯೆಂದರೆ ಅದರ ಸ್ಪಷ್ಟತೆಯೇ ಸಂಶಯಾಸ್ಪದ. ಮೈಸೂರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ.

"ಪಿಸ್ತೂಲೆಲ್ಲಿ ಬಂತೇ? ಅಪ್ಪನ ಹತ್ರ ಇದ್ದದ್ದು ರಿವಾಲ್ವರ್ರು. ಆಮೇಲೆ, ನಿನ್ನ ಕೈಗೆ ಕೊಟ್ಟಿದ್ದಲ್ಲ, ನನ್ನ ಕೈಗೆ ಕೊಟ್ಟಿದ್ದು. ನೀನು ನೋಡ್ಕೊಂಡು ಅಳ್ತಾ ಇದ್ದೆ."

"ನಾನು ಯಾಕೆ ಅಳಲಿ?"

"ನಿಂಗೆ ಕೊಡ್ಲಿಲ್ಲ ಅಂತ! ಅದು ಸರಿ ಶೈಲೂ, ಮಣಿಕಟ್ಟು ಮುರ್ಕೊಂಡೋರು ಬಂದೂಕು ಹಿಡೀತಾರೇನೇ? ಸುಮ್ನೆ ಹೂಬತ್ತಿ ಹೊಸಿ."

ಹಾಗಾದರೆ ನನ್ನ ಅಂಗೈಯಲ್ಲಿರುವ ಭಾರ ಯಾರದು? ಕೊಟ್ಟೇ ಇದ್ದರೂ, ಅಷ್ಟು ಚಿಕ್ಕ ಕೈಗೆ ಯಾವುದು ತಾನೇ ಭಾರವಲ್ಲ? ಉಕ್ಕೆಂದು ನಾನು ಇಷ್ಟು ವರ್ಷ ನಂಬಿದ್ದರಲ್ಲಿ ಎಷ್ಟು ಪುಡಿ ಲೋಹ, ಎಷ್ಟು ಪ್ಲಾಸ್ಟಿಕ್ಕು ಎಂದು ಬೇರ್ಪಡಿಸಿ ಹೇಳುವ ಅಂಗಡಿಯವರು ಯಾರೂ ಇಲ್ಲ. ಹೀಗಾಗಿ ಅಪ್ಪನ ಹೆಸರಿನಲ್ಲಿ ಹಳೆಯದನ್ನು ಆರಿಸುವ ಹಕ್ಕು ನನ್ನಿಂದ ಕೈಜಾರಿತು. ಪಾಲಿಮರ್ ಕೊಳ್ಳುವುದೆಂದು ಮನಸ್ಸು ಮಾಡಿ ಹೋದೆ.

ಅದನ್ನು ಹಿಡಿದು ಹಾರಿಸಿದೆ, ಹಾರಿತು. ಬೇಕೆಂದೇ ಕೈ ಸಡಿಲಿಸಿ ಹಾರಿಸಿದೆ, ಆಗಲೂ ಹಾರಿತು. ಹಳೆಯದನ್ನು ಹಿಡಿದು ಟ್ರಿಗರ್ ಒತ್ತಿದೆ, ಅಲುಗಲಿಲ್ಲ. ಒಕುದಾ-ಸಾನ್ ಅದರ ಹಿಡಿಯ ಬೆನ್ನಿನಲ್ಲಿರುವ ಒಂದು ಸಣ್ಣ ಒತ್ತುಪಟ್ಟಿಯನ್ನು ತೋರಿಸಿದರು. ಅಂಗೈ ಪೂರ್ತಿಯಾಗಿ ಅದನ್ನು ಒಳಕ್ಕೆ ಒತ್ತಿ ಹಿಡಿದಿದ್ದರೆ ಮಾತ್ರ ಹಳೆಯ ಪಿಸ್ತೂಲು ಹಾರುತ್ತದೆ; ಮುಷ್ಟಿಯಲ್ಲಿ ಎಲ್ಲಾದರೂ ಟೊಳ್ಳಿದ್ದರೆ ಇಲ್ಲ. ಅದರ ಮೈ ಸುಳ್ಳಿರಬಹುದು, ನನ್ನ ಕೈಯ ಬಗ್ಗೆ ಅದು ಸುಳ್ಳು ಹೇಳುವುದಿಲ್ಲ. ತಲೆ ವಾಲಿಸಿ 'ಚೊತ್ತೊ' ಅನ್ನುವುದೂ ಇಲ್ಲ. ಅದನ್ನೇ ಕೊಂಡೆ.

"ಹಗುರಾಗಿರೋದು ಬಿಟ್ಟು ಇದ್ಯಾಕೆ ತಂದೆ? ಇದು ಹಾರೋದೇ ಇಲ್ವಲ್ಲ!" ಎಂದರು ಪ್ರಕಾಶ್.

"ಹಾರತ್ತೆ, ನೋಡ್ತಿರಿ."

ಮೊದಲ ವಾರಗಳಲ್ಲಿ ಅದು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಬೇಳೆ ಬೇಯುವಷ್ಟು ಹೊತ್ತು ಅಡುಗೆಮನೆಯಲ್ಲಿ ಖಾಲಿ ಪಿಸ್ತೂಲನ್ನು ಗಡಿಯಾರದ ಕಡೆ ಚಾಚಿ ನಿಲ್ಲುವೆ; ಕುಕ್ಕರ್ ಕೂಗುವ ಮೊದಲೇ ತೋಳು ಇಳಿಯುವುದು. ಸೆಪ್ಟೆಂಬರಿನ ಕೊನೆಗೆ ಒಂದು ದಿನ ಟ್ರಿಗರ್ 'ಟಕ್' ಎಂದಿತು. ನಾನು ಸೌಟು ಎತ್ತಿಕೊಂಡು ನಡುಮನೆಯವರೆಗೆ ಓಡಿದೆನೆಂದು ತನ್ವಿ ಹೇಳುತ್ತಾಳೆ. ನನಗೆ ನೆನಪಿಲ್ಲ, ಹಾಗಾಗಿ ನಿಜವೇ ಇರಬೇಕು. ಆಮೇಲೆ ಹತ್ತರಲ್ಲಿ ಆರು ಸಲ, ಎಂಟು ಸಲ. ಸ್ಪರ್ಧೆಯ ಹೊತ್ತಿಗೆ ಅದು ನನ್ನ ಮಾತು ಕೇಳುತ್ತಿತ್ತು.

ಸ್ಪರ್ಧೆ ಬಂದದ್ದು ವಿಜಯದಶಮಿಯ ದಿನ. ಹಿಂದಿನ ದಿನ ಆಯುಧಪೂಜೆ. ನಮ್ಮ ಪುಟ್ಟ ಮನೆಯಲ್ಲಿ ಪ್ರಕಾಶರ ಲ್ಯಾಪ್‌ಟಾಪು, ತನ್ವಿಯ ಕೀಬೋರ್ಡು, ನನ್ನ ಪಾಪಿ ಸೈಕಲ್ಲು, ಎಲ್ಲಕ್ಕೂ ಕುಂಕುಮ. ಮಧ್ಯದಲ್ಲಿ ಪಿಸ್ತೂಲು. ಅದಕ್ಕೆ ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಏರಿಸಿ, ಮೂವರೂ ಧಾರಾಳವಾಗಿ ಅಕ್ಷತೆ ಹಾಕಿದೆವು.

ಮರುದಿನ ನನ್ನ ಸರದಿ ಬಂದಿತು. ಗೆರೆಯ ಮೇಲೆ ನಿಂತೆ, ಐದು ತಗಡುಗಳು ಎದುರಿಗಿದ್ದವು. ತೋಳು ಚಾಚಿದೆ, ಅದು ನಿಂತಿತು, ನಡುಗಲಿಲ್ಲ. ಟ್ರಿಗರ್ ಒತ್ತಿದೆ. ಏನೂ ಆಗಲಿಲ್ಲ. ಹಿಡಿಯನ್ನು ಇನ್ನೂ ಬಿಗಿದೆ, ಮಣಿಕಟ್ಟಿನ ಹಳೆಯ ನೋವು ಎದ್ದು ಕೂರುವಷ್ಟು ಬಿಗಿದೆ, ಇಲ್ಲ. ಹಿಂದಿನ ಬೆಂಚಿನಲ್ಲಿ ಪ್ರಕಾಶ್ ಉಸಿರು ಬಿಟ್ಟದ್ದು ಕೇಳಿಸಿತು. ಕೈ ಮತ್ತೆ ಮಾರ್ಚಿಗೆ ಹೋಗಿಬಿಟ್ಟಿದೆ, ಬಂದ ಬಲವೆಲ್ಲ ನಾನು ಕಲ್ಪಿಸಿಕೊಂಡದ್ದು, ಆಸ್ಪತ್ರೆಯಾಕೆಯ ಅರ್ಧ ವಾಕ್ಯ ಈಗ ಪೂರ್ತಿಯಾಯಿತು ಎಂದುಕೊಂಡೆ. ಆದರೂ ಗೆರೆ ಬಿಟ್ಟು ಕದಲಲಿಲ್ಲ. ಪಿಸ್ತೂಲನ್ನು ಮೇಜಿನ ಮೇಲಿಟ್ಟು ಕೈಯೆತ್ತಿದೆ. ಒಕುದಾ-ಸಾನ್ ಬಂದು ಗುಂಡು ತೆಗೆದು, ಹಿಡಿಯ ಸಂದಿಗೆ ಪುಟ್ಟ ಟಾರ್ಚು ಬಿಟ್ಟು ನೋಡಿ, ಜೇಬಿನಿಂದ ಸೂಜಿ ತೆಗೆದು ಏನನ್ನೋ ಮೀಟಿದರು. ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಸುಮಿಮಾಸೆನ್, ಶೈಲಾ-ಸಾನ್," ಎಂದು ಮೊದಲು ಕ್ಷಮೆ ಕೇಳಿದರು. "ಇದು... ಅಕ್ಕಿಯಾ?"

ಹಳದಿ ಅಕ್ಕಿ ಕಾಳು. ಒತ್ತುಪಟ್ಟಿಯ ಹಿಂದೆ ಭದ್ರವಾಗಿ ಕೂತು ಅದನ್ನು ಒಳಸರಿಯದಂತೆ ತಡೆದಿತ್ತು. ದೇವರ ಆಶೀರ್ವಾದವೇ ಪಿಸ್ತೂಲಿನ ಗಂಟಲಲ್ಲಿ ಸಿಕ್ಕಿಕೊಂಡಿತ್ತೆಂಬುದನ್ನು ನಾನು ನನ್ನ ಮುರುಕು ಜಪಾನಿಯಲ್ಲಿ ಹೇಗೆ ವಿವರಿಸಲಿ? ತನ್ವಿ ಎದ್ದು ನಿಂತು ಅಚ್ಚುಕಟ್ಟಾಗಿ ವಿವರಿಸಿದಳು. ನೆರೆದವರೆಲ್ಲ 'ಹೇಏ' ಎಂದು ಬೆರಗಾದರು. ಒಬ್ಬರು, ನಮ್ಮ ಕಚೇರಿಯ ಪ್ರಿಂಟರಿಗೂ ಇದನ್ನು ಮಾಡಬಹುದೇ ಎಂದು ವಿಚಾರಿಸಿದರು. ನನ್ನ ಸರದಿಯನ್ನು ಕೊನೆಗೆ ಹಾಕಿದರು.

ಎರಡನೆಯ ಸಲ ಹಿಡಿದಾಗ ಪಟ್ಟಿ ಒಳಸರಿದದ್ದು ಅಂಗೈಗೆ ತಿಳಿಯಿತು. ಒತ್ತಿದಷ್ಟು ಸಲವೂ ಹಾರಿತು. ಮೂರು ತಗಡು ಬಿದ್ದವು, ನಾಲ್ಕನೆಯದು ತೂಗಾಡಿ ಮನಸ್ಸು ಬದಲಿಸಿತು, ಐದನೆಯದು ನನ್ನ ಗುಂಡುಗಳನ್ನು ಕಂಡೇ ಇಲ್ಲ. ಕೊನೆಯಿಂದ ಎರಡನೆಯವಳಾದೆ. ಕೊನೆಯವರು ಓದುವ ಕನ್ನಡಕ ಹಾಕಿಕೊಂಡು ಬಂದಿದ್ದ ಒಬ್ಬ ದಂತವೈದ್ಯರು.

ಮನೆಗೆ ಬರುವ ರೈಲಿನಲ್ಲಿ ಒಂದು ಚಿತ್ರ ಎದ್ದು ಬಂದಿತು: ವಿಜಯದಶಮಿಯ ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಪತ್ರಿಕೆ ಹರಡಿ, ಹಲ್ಲುಜ್ಜುವ ಬ್ರಶ್ಶಿನಿಂದ ಆಯುಧದ ಸಂದಿಗೊಂದಿ ಉಜ್ಜುತ್ತ, ಅಮ್ಮನ ಅಕ್ಷತೆಯನ್ನು ಬೈಯುತ್ತ ಕೂತಿದ್ದಾರೆ. ಇಷ್ಟು ಅನುಕೂಲವಾದ ಹೊತ್ತಿಗೆ ಬಂದ ನೆನಪನ್ನು ನಂಬುವುದು ಹೇಗೆ? ಇಂದಿನ ಅಕ್ಕಿ ಕಾಳೇ ಅದನ್ನು ಬಿತ್ತಿ ಬೆಳೆದಿರಬೇಕು. ಅಣ್ಣನಿಗೆ ಫೋನ್ ಮಾಡಿ, ಬ್ರಶ್ಶಿನ ಸುದ್ದಿಯೊಂದನ್ನೇ ಎತ್ತಿದೆ.

"ಅಯ್ಯೋ, ಮರೆಯೋಕಾಗತ್ತೇನೇ? ಅದು ನನ್ನ ಬ್ರಶ್ಶು! ಪ್ರತಿ ವರ್ಷ ನಂದೇ ಎತ್ಕೊಳ್ಳೋರು. ಎಣ್ಣೆ ವಾಸನೇಲಿ ಹಲ್ಲುಜ್ಜಿದ್ದೀನಿ ನಾನು!"

ಹಾಗಾದರೆ ಅಂದು ಭಾರ ಹೊತ್ತ ಕೈ ನನ್ನದೋ ಅಣ್ಣನದೋ ಅಲ್ಲಿಗೇ ಇರಲಿ, ಉಜ್ಜುವ ಕೈಯಂತೂ ಇತ್ತು. ದಿನಚರಿಯಲ್ಲಿ ಅಷ್ಟನ್ನು ಬರೆದೆ, ಒಂದು ಪುಟ ತುಂಬ. ಕೊನೆಯ ಸಾಲಿನಲ್ಲೂ ಅಕ್ಷರಗಳು ನೆಟ್ಟಗೆ ಕೂತಿದ್ದವು.

ಮರುದಿನ ಒಕುದಾ-ಸಾನ್‌ಗೆಂದು ಸಬ್ಬಕ್ಕಿ ವಡೆ ಕರಿದೆ. ಪ್ರಕಾಶ್ ಅಭ್ಯಾಸಬಲದಿಂದ ಪ್ಲಾಸ್ಟಿಕ್ ಡಬ್ಬಿ ಮುಂದಿಟ್ಟರು. ನಾನು ಸ್ಟೂಲು ಹತ್ತಿ ಮೇಲಿನಿಂದ ಸ್ಟೀಲಿನದನ್ನು ಇಳಿಸಿದೆ. "ಅದು ವಾಪಸ್ ಬರಲ್ಲ ಅಂತ ನೀನೇ ಹೇಳ್ತಿದ್ದೆ," ಎಂದರು. ಬರದಿದ್ದರೆ ಹೋಗಿ ತರುತ್ತೇನೆ ಎಂದು ಮುಚ್ಚಳದ ಮೇಲೆ ಅಂಗೈಯೂರಿ ಒತ್ತಿದೆ.

ಅಂಗಡಿಯಲ್ಲಿ ಒಕುದಾ-ಸಾನ್ ಬಾಗಿ ನಮಿಸಿ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತಿರುಗಿಸಿದರು, ಎಳೆದರು, ಎಲ್ಲಾದರೂ ಒತ್ತುಪಟ್ಟಿಯಿದೆಯೇ ಎಂದು ಸುತ್ತಲೂ ಹುಡುಕಿದರು. ಕೊನೆಗೆ ನಾಚಿಕೊಂಡು, ಸುಮಿಮಾಸೆನ್ ಎನ್ನುತ್ತ ಮೇಜಿನ ಮೇಲಿಂದ ನನ್ನ ಕಡೆಗೇ ಸರಿಸಿದರು. ನಾನು ಎಡಗೈಯಲ್ಲಿ ಡಬ್ಬಿಯನ್ನು ಹಿಡಿದು, ಬಲಗೈಯಲ್ಲಿ ತೆರೆದೆ.