ಧಿಮಾಕಿಗೆ ಆಫೀಸು ಕನ್ನಡ

ಹೋದ ವಾರ ಹಗರಿಬೊಮ್ಮನಹಳ್ಳಿ ದಾಟುವಷ್ಟರಲ್ಲಿ ನನ್ನ ಹಳೇ ಸ್ಕೂಟರ್ ನಿಂತುಬಿಟ್ಟಿತು. ಒದ್ದೆ, ಬಾಗಿಸಿದೆ, ಬೈದೆ. ಕೊನೆಗೆ ತಳ್ಳಿಕೊಂಡು ಮೆಕ್ಯಾನಿಕ್ ಮಹಬೂಬನ ಶೆಡ್ಡಿಗೆ ಬಂದೆ. ಅವನು ಪ್ಲಗ್ ಬಿಚ್ಚಿ, ಊದಿ, ನಕ್ಕ.

"ಏನಾಗಿಲ್ರಿ ಸಾಹೇಬ್ರ. ಗಾಡಿಗೆ ಸ್ವಲ್ಪ ಧಿಮಾಕು ಬಂದೈತಿ."

ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಮಾತ್ರ ನಗು ಉಳಿಯಲಿಲ್ಲ. ಆ ಪದದ ಜೊತೆ ನನ್ನದೊಂದು ಹಳೆಯ ವ್ಯವಹಾರವಿದೆ.

ನಮ್ಮ ಕಡೆ ಧಿಮಾಕು ಯಾರಿಗೆ ಬರುವುದಿಲ್ಲ ಹೇಳಿ? ಹಾಲು ಕೊಡದೆ ಒದೆಯುವ ಎಮ್ಮೆಗೆ ಬರುತ್ತದೆ. ಬೇಯದ ಬೇಳೆಗೆ ಬರುತ್ತದೆ. ಸ್ಟೇಷನ್ ಹಿಡಿಯದ ಟ್ರಾನ್ಸಿಸ್ಟರಿಗೂ ಬರುತ್ತದೆ. ಅಲ್ಲೆಲ್ಲ ಅದು ಬರೀ ಮೊಂಡುತನ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ, ಯಾರ ಮನೆಯವರು ಎಂದು ವಿಚಾರಿಸಿಕೊಂಡು ಹೆಸರು ಬದಲಿಸುತ್ತದೆ. ಜಮೀನ್ದಾರ ಕಾಲ ಮೇಲೆ ಕಾಲು ಹಾಕಿ ಕೂತರೆ ಗತ್ತು. ಸಾಹೇಬರು ಕೂತರೆ ಠೀವಿ. ಪೇಟೆಯ ಅಳಿಯ ಕೂತರೆ ಡೌಲು (ಅತ್ತೆಗೆ ಅದೂ ಚಂದವೇ). ಕೂಲಿಯವನು ಕೂತರೆ? ಹರಪನಹಳ್ಳಿಯಲ್ಲಿ ಕೊಬ್ಬು, ಕೊಟ್ಟೂರಿನಲ್ಲಿ ಸೊಕ್ಕು, ತೆಲುಗು ಗಾಳಿ ಬೀಸುವ ಕೂಡ್ಲಿಗಿ ಕಡೆ ಪೊಗರು. ಧಿಮಾಕಂತೂ ಎಲ್ಲ ಕಡೆಯೂ ನಡೆಯುತ್ತದೆ.

ನಮ್ಮ ಕೇರಿಯಲ್ಲಿ ಮೊದಲು ನೌಕರಿ ಹಿಡಿದವನು ನಾನು. ಕೈಗೆ ವಾಚು ಕಟ್ಟಿದ ದಿನವೇ ನನಗೂ ಧಿಮಾಕು ಬಂದಿದೆಯೆಂದು ಊರೆಲ್ಲ ಸುದ್ದಿಯಾಗಿತ್ತು. ಅಂದರೆ, ಆ ಪದ ಎಲ್ಲಿ ಚುಚ್ಚುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಏಳೆಂಟು ವರ್ಷದ ಹಿಂದೆ ನಾನು ಶಾಲೆಗಳ ಉಸ್ತುವಾರಿ ನೋಡುವ ಒಂದು ಆಫೀಸಿನಲ್ಲಿ ಗುಮಾಸ್ತ (ಯಾವ ಊರು ಎಂದು ಕೇಳಬೇಡಿ). ಹಳ್ಳಿಯವರು ಬಂದು ಬಾಯಲ್ಲಿ ದೂರು ಹೇಳುತ್ತಿದ್ದರು, ನಾನು ಅದನ್ನು ಆಫೀಸು ಕನ್ನಡದಲ್ಲಿ ಬರೆದುಕೊಡುತ್ತಿದ್ದೆ. ಅವರು ಒಗೆದ ಬೈಗುಳ ನನ್ನ ಪೆನ್ನಿನಿಂದ ಇಸ್ತ್ರಿಯಾಗಿ ಇಳಿಯುತ್ತಿತ್ತು. ‘ನಿಮ್ಮ ಡ್ರಾಫ್ಟಿಂಗ್ ಯಾರಿಗೂ ಬರಲ್ಲ’ ಎಂದು ಸಾಹೇಬರೇ ಹೇಳುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ.

ಒಂದು ದಿನ ಒಂದು ಹಳ್ಳಿಯ ಗೌಡರು ಬಂದರು. ದೂರು ಅವರೂರಿನ ಟೀಚರು ಹುಲಿಗೆಮ್ಮನ ಮೇಲೆ.

"ಆಕೀಗೆ ಧಿಮಾಕು ಬಾಳ ಐತ್ರಿ."

"ಏನು ಮಾಡ್ಯಾಳ್ರಿ?"

"ನಮ್ಮ ಕಟ್ಟಿ ಮುಂದ ಚಪ್ಲಿ ಮೆಟ್ಟಿಗೊಂಡು ಹೊಕ್ಕಾಳ. ತಲಿ ಮ್ಯಾಲೆ ಕೊಡಿ ಬ್ಯಾರೆ! ಅವರ ಕೇರಿಯಾಗ ಯಾರರ ಕೊಡಿ ಹಿಡದಾರನ್ರಿ? ನಾವು ಸಾಲಿಗೆ ಹೋದ್ರ ಕುರ್ಚಿ ಬಿಟ್ಟು ಏಳಂಗಿಲ್ಲ."

"ಪಾಠ ಹೆಂಗ ಮಾಡ್ತಾಳ?"

"ಪಾಠ ಚಲೋ ಮಾಡ್ತಾಳ್ರಿ, ಸುಳ್ಳ್ಯಾಕ ಹೇಳೂದು? ಧಿಮಾಕು ನೋಡ್ರಿ, ತಡಕೊಳ್ಳಾಕ ಆಗವಲ್ದು."

ಇದನ್ನೇ ಬರೆದಿದ್ದರೆ? ಚಪ್ಪಲಿ, ಕೊಡೆ, ಕುರ್ಚಿ, ಚಲೋ ಪಾಠ. ಸಾಹೇಬರು ಓದಿ, ನಕ್ಕು, ಹರಿದು ಬುಟ್ಟಿಗೆ ಹಾಕುತ್ತಿದ್ದರು. ಆದರೆ ಚಪ್ಪಲಿ, ಕೊಡೆ ಎಲ್ಲ ಅರ್ಜಿಯ ಕನ್ನಡಕ್ಕೆ ಶೋಭಿಸುವ ಪದಗಳೇ? ನಾನು ಬರೆದೆ: ‘ಸದರಿ ಶಿಕ್ಷಕಿಯು ಗ್ರಾಮದ ಹಿರಿಯರೊಂದಿಗೆ ಉದ್ಧಟತನದಿಂದ ವರ್ತಿಸುತ್ತಿದ್ದು, ಶಿಸ್ತನ್ನು ಉಲ್ಲಂಘಿಸಿ ಶಾಲೆಯ ವಾತಾವರಣಕ್ಕೆ ಧಕ್ಕೆ ತಂದಿರುತ್ತಾರೆ.’

ಗೌಡರು ಎರಡು ಸಲ ಓದಿಸಿ ಕೇಳಿದರು. "ನಾ ಅಂದಿದ್ದು ಇಷ್ಟು ದೊಡ್ಡದೈತಿ ಅಂತ ನನಗಾ ಗೊತ್ತಿರ್ಲಿಲ್ರಿ!" ಎಂದು ಖುಷಿಯಿಂದ ಹೆಬ್ಬೆಟ್ಟು ಒತ್ತಿದರು.

ಹದಿನೈದು ದಿನದಲ್ಲಿ ವರ್ಗಾವಣೆಯ ಆರ್ಡರ್ ಬಂತು. ಜಿಲ್ಲೆಯ ಇನ್ನೊಂದು ತುದಿಗೆ, ಹೊಳೆದಂಡೆಯ ಒಂದು ಹಳ್ಳಿಗೆ.

ಹುಲಿಗೆಮ್ಮ ಆಫೀಸಿಗೆ ಬಂದಾಗ ಕಂಕುಳಲ್ಲಿ ಹತ್ತು ತಿಂಗಳ ಕೂಸಿತ್ತು. ಗಂಡ ರೋಡ್ ಕೆಲಸಕ್ಕೆ ಊರೂರು ತಿರುಗುವವನು. ಈಕೆ ತವರಿನಲ್ಲಿದ್ದು, ಕೂಸನ್ನು ತಾಯಿಯ ಹತ್ತಿರ ಬಿಟ್ಟು, ನಡೆದು ಶಾಲೆಗೆ ಹೋಗಿ ಸಂಜೆ ಬರುತ್ತಿದ್ದಳು. ಅರ್ಜಿ ತೋರಿಸಿ ಎಂದಳು. ಕಾರ್ಬನ್ ಕಾಪಿ ತೋರಿಸಿದೆ. ನಿಧಾನ ಓದಿದಳು.

"ಇದ್ರಾಗ ನಾ ಮಾಡಿದ್ದು ಯಾವ್ದು ಸರ್? ಗೌಡ್ರು ಏನಂದ್ರೋ ಅದನ್ನಾ ಬರದು ಸಾಹೇಬ್ರಿಗೆ ಒಂದು ನೋಟ್ ಇಡ್ರಿ. ಚಪ್ಲಿ ಅಂತ ಬರೀರಿ, ಕೊಡಿ ಅಂತ ಬರೀರಿ. ಅದಕ್ಕ ಯಾರೂ ಟ್ರಾನ್ಸ್‌ಫರ್ ಮಾಡಂಗಿಲ್ಲ. ಹಾಲು ಕುಡಿಯೋ ಕೂಸೈತ್ರಿ. ಅಲ್ಲಿ ನಮ್ಮಂಥೋರಿಗೆ ಮನಿ ಯಾರು ಕೊಡ್ತಾರ?"

"ಫೈಲ್ ಮೇಲೆ ಹೋಗಿದೆಯಮ್ಮ" ಎಂದೆ.

ಸುಳ್ಳು. ಫೈಲು ನನ್ನ ಮೇಜಿನ ಮೇಲೇ ಇತ್ತು. ನಾಲ್ಕು ಸಾಲಿನ ನೋಟ್ ಬರೆದಿದ್ದರೆ ಸಾಹೇಬರು ನೋಡುತ್ತಿದ್ದರು. ಬರೆಯಲಿಲ್ಲ ಯಾಕೆ? ಗೌಡರ ಭಯವೇ? ಅದೂ ಇತ್ತೆನ್ನಿ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಷ್ಟು ಚಂದದ ಒಂದು ವಾಕ್ಯವನ್ನು ಬರೆದು, ನಾನೇ ಅದು ತಪ್ಪು ಎನ್ನಬೇಕಿತ್ತು. ಇವತ್ತಿಗೂ ನೆನೆದರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ನಮ್ಮ ಕೇರಿಯಂಥದೇ ಕೇರಿಯ ಹೆಣ್ಣುಮಗಳು. ಗೌಡರಿಗೆ ಬೈಯಲು ಬರುತ್ತಿತ್ತೇ ಹೊರತು ಬರೆಯಲು ಬರುತ್ತಿರಲಿಲ್ಲ. ಬರೆಯಲು ಬರುತ್ತಿದ್ದುದು ನನಗೆ.

ಹೊಳೆದಂಡೆಯ ಆ ಊರಲ್ಲಿ ಅವಳಿಗೆ ಯಾರೂ ಮನೆ ಕೊಡಲಿಲ್ಲವಂತೆ. ಶಾಲೆಯ ಕೋಣೆಯಲ್ಲೇ ಇದ್ದಳಂತೆ. ಕೂಸು ಅಜ್ಜಿಯ ಹತ್ತಿರವೇ ಉಳಿಯಿತು. ರಜೆಗೊಮ್ಮೆ ಬಂದು ನೋಡಿ ಹೋಗುತ್ತಿದ್ದಳು.

ಹೋದ ವರ್ಷ ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ, ಮಲ್ಲಿಗೆ ಬುಟ್ಟಿಗಳ ಪಕ್ಕ ನಿಂತಿದ್ದಳು. ನನ್ನ ಗುರುತು ಹಿಡಿದು ನಮಸ್ಕಾರ ಮಾಡಿದ್ದೂ ಅವಳೇ. ಏನು ಮಾತಾಡಬೇಕೋ ತಿಳಿಯದೆ ನಾನು ಬಸ್ಸಿನ ಟೈಮ್ ಕೇಳುತ್ತಿದ್ದೆ. ಅಷ್ಟರಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಓಡಿಬಂದು ಅವಳ ಸೆರಗು ಎಳೆದಳು.

"ಅಕ್ಕಾ, ಬಸ್ ಬಂತು. ಅವ್ವ ಊರಾಗ ಕಾಯ್ತಿರ್ತಾಳ, ಬಾ."

"ತಂಗಿಯೇನಮ್ಮ?" ಎಂದೆ.

"ಅಲ್ರಿ, ನನ್ನ ಮಗಳು. ಅವತ್ತು ಕಂಕುಳಾಗ ಇತ್ತಲ್ರಿ, ಅದಾ ಕೂಸು." ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನಮ್ಮವ್ವಗ ಅವ್ವ ಅಂತಾಳ, ನನಗ ಅಕ್ಕ ಅಂತಾಳ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟೀನ್ರಿ."

ಅವ್ವ ಎಂದಿರಬೇಕಾದ ಜಾಗದಲ್ಲಿ ಅಕ್ಕ ಎಂದು ಬರೆದ ಕೈ ಇದೇ.