ಎರಡನೆಯ ಚೊಂಬು

ನನ್ನ ಮನೆಯ ಹೊಸ್ತಿಲಾಚೆ ಒಂದು ಹಿತ್ತಾಳೆ ಚೊಂಬು ಸದಾ ನೀರು ತುಂಬಿಕೊಂಡು ಕೂತಿರುತ್ತದೆ. ಹೊರಗಿನಿಂದ ಬಂದವರು ಕಾಲು ತೊಳೆದು ಒಳಬರುವ ರೂಢಿ ತುಮಕೂರಿನ ಈ ಬಡಾವಣೆಯಲ್ಲಿ ಎಂದೋ ತಪ್ಪಿರುವುದರಿಂದ, ಅದನ್ನು ಆ್ಯಂಟೀಕ್ ಎಂದು ಭಾವಿಸಿ ಕೆಲವರು "ಹೌ ಲವ್ಲಿ!" ಎನ್ನುತ್ತಾರೆ. ಮಹನೀಯರೇ, ಅದು ನನ್ನ ಸಿಟ್ಟು. ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ, ಮಂಕಾಗದಂತೆ ಕಾಪಾಡಿಕೊಂಡು ಬಂದಿದ್ದೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕುಣಿಗಲ್ಲಿನ ಸೊಸೆ, ತುಮಕೂರಿನ ಕಾಲೇಜೊಂದರ ಇಂಗ್ಲಿಷ್ ಲೆಕ್ಚರರ್. ಕಾನ್ವೆಂಟಿನ ಸಿಸ್ಟರ್‌ಗಳು ನಾಲಿಗೆಗೆ ಹಚ್ಚಿದ ಉಚ್ಚಾರಣೆಯಲ್ಲಿ ಗ್ರೀಕ್ ಮಹಾಕಾವ್ಯದ ನಾಯಕನ ಪ್ರಯಾಣವನ್ನು ಪಾಠ ಮಾಡುತ್ತಿದ್ದೆ: ನಿರ್ಗಮನ, ಪರೀಕ್ಷೆಗಳು, ಪುನರಾಗಮನ. ಯುದ್ಧ ಮುಗಿಸಿ ಹೊರಟ ಆ ಪುಣ್ಯಾತ್ಮ ಮನೆ ಸೇರುವುದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಕಡಲು ಮುನಿಯುತ್ತದೆ, ದೈತ್ಯರು ಅಡ್ಡಗಟ್ಟುತ್ತಾರೆ, ಒಪ್ಪಿದೆ. ಆದರೆ ದಡ ಸೇರಿದಲ್ಲೆಲ್ಲ ಅವನಿಗೆ ಅಭ್ಯಂಜನ, ಮೃಷ್ಟಾನ್ನ, ಸಂಗೀತ! ನನಗೋ ಬೆಳಿಗ್ಗೆ ನಿರ್ಗಮನ, ಸಂಜೆ ಪುನರಾಗಮನ, ನಡುವೆ "ಒಳೀಕ್ ಹೋಗ್ರಮ್ಮ, ಇನ್ನೂ ಜಾಗ ಐತೆ" ಎಂದು ಬೆನ್ನಿಗೆ ತಿವಿಯುವ ಕಂಡಕ್ಟರ್ ಎಂಬ ದೈತ್ಯ. ವಾರಕ್ಕೆ ಆರು ಮಹಾಕಾವ್ಯ. ನಾಯಕನ ಕಷ್ಟಗಳನ್ನು ವಿವರಿಸಿ ಎಂದು ಪ್ರಶ್ನೆಪತ್ರಿಕೆ ಪ್ರತಿವರ್ಷ ಕೇಳುತ್ತಿತ್ತು. ನನ್ನ ಟ್ರಯಲ್ಸ್ ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ.

ಒಂದು ಸಂಜೆ ಮನೆಗೆ ಮರಳುವಾಗ, ನಡುದಾರಿಯ ಹೆಬ್ಬೂರಿನಾಚೆ ಬಸ್ಸು ಕೆಟ್ಟು ನಿಂತಿತು. ಇಳಿದು ನಡೆಯುವಾಗ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಜಲ್ಲಿಯ ಮೇಲೆ ಬರಿಗಾಲಲ್ಲಿ ನಡೆದು, ಕೊನೆಗೆ ಸಿಕ್ಕಿದ ಬಸ್ಸಿನ ಮೆಟ್ಟಿಲ ಮೇಲೆ ಜೋತುಬಿದ್ದು, ಮುಸ್ಸಂಜೆಗೆ ಮನೆಯ ಗೇಟು ತೆರೆದೆ. ಸದ್ದಿಗೆ ಅತ್ತೆ ತುಂಬಿದ ಚೊಂಬು ತಂದು ಜಗುಲಿಯ ಅಂಚಿಗಿಟ್ಟರು. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರು ಮಬ್ಬಿನಲ್ಲಿ ನನ್ನನ್ನು ದಿಟ್ಟಿಸಿ, "ಓ, ನೀನಾ? ಸೀನು ಬಂದ ಅಂದ್ಕೊಂಡೆ ಕಣೇ" ಎಂದು ಚೊಂಬನ್ನು ಎತ್ತಿಕೊಂಡು ಒಳಗೆ ಹೊರಟರು.

ಸೀನು ಎಂದರೆ ನನ್ನ ಯಜಮಾನರು. ಅವರ ಆಫೀಸು ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಆ ಗ್ರೀಕರು ಅತಿಥಿಯ ಹೆಸರು ಕೇಳುವ ಮೊದಲೇ ಅವನಿಗೆ ನೀರು ಕೊಡುತ್ತಿದ್ದರಂತೆ. ನಮ್ಮಲ್ಲಿ ನೀರು ಕೊಡುವ ಮೊದಲು ಯಾರೆಂದು ನೋಡುತ್ತಿದ್ದರು.

"ಇಡಿ ಅದನ್ನ ಅಲ್ಲೇ!"

ಮದುವೆಯಾದ ಮೇಲೆ ನಾನು ದನಿಯೇರಿಸಿದ್ದು ಅದೇ ಮೊದಲು. ಅತ್ತೆ ಬೆಚ್ಚಿ ಇಟ್ಟುಬಿಟ್ಟರು. ನಾನು ಕಾಲಿನ ಮೇಲೆ ಸುರಿದುಕೊಂಡ ನೀರು ಕೆಂಪಗೆ ಹರಿಯಿತು.

"ಅಯ್ಯೋ, ಅಂಗಾಲೆಲ್ಲ ಸೀಳೋಗಿದ್ಯಲ್ಲೇ! ಎಲ್ಲಿಂದ ನಡ್ಕೊಂಡ್ ಬಂದೆ?"

"ದಿನಾನೂ ಅಲ್ಲಿಂದ್ಲೇ ಬರ್ತಿದೀನಿ ಅತ್ತೆ. ಇವತ್ತು ನಿಮ್ ಕಣ್ಣಿಗೆ ಬಿತ್ತು, ಅಷ್ಟೇ."

ಆಗಲೇ ಯಜಮಾನರ ಆಗಮನ. "ಅಮ್ಮಾ, ನೀರೆಲ್ಲಿ?"

"ಬಾವಿ ಅಲ್ಲೇ ಇದ್ಯಲ್ಲೋ, ಸೇದ್ಕೋ!" ಎಂದರು ಅತ್ತೆ, ನನ್ನ ಪಾದದಿಂದ ಕಣ್ಣು ತೆಗೆಯದೆ.

ಆ ಗ್ರೀಕ್ ನಾಯಕ ವೇಷ ಮರೆಸಿ ಮನೆ ಸೇರಿದಾಗ, ಕಾಲು ತೊಳೆಯುವ ಮುದಿ ದಾಸಿ ಹಳೆಯ ಗಾಯದ ಕಲೆಯಿಂದ ಅವನ ಗುರುತು ಹಿಡಿಯುತ್ತಾಳೆ. ನಮ್ಮದೂ ಮಹಾಕಾವ್ಯವಾಗಿದ್ದರೆ, ಹಾಗೆ ಒಮ್ಮೆ ಗುರುತು ಸಿಕ್ಕಿದ ಮೇಲೆ ಮನೆಯ ಚಿತ್ರವೇ ಬದಲಾಗಬೇಕಿತ್ತು. ಕುಣಿಗಲ್ಲಿನಲ್ಲಿ ಮರುದಿನವೇ ಚೊಂಬು ಮತ್ತೆ ಸೀನುವಿಗೆ ಮೀಸಲಾಯಿತು. ಆ ಭಾನುವಾರ ನಾನೇ ಹೋಗಿ ಎರಡನೆಯ ಚೊಂಬು ತಂದೆ; ಈಗ ನನ್ನ ಹೊಸ್ತಿಲಾಚೆ ಕೂತಿರುವುದು ಅದೇ. ಬೆಳಿಗ್ಗೆ ತುಂಬಿಟ್ಟು ಹೋಗಿ, ಸಂಜೆ ಬಂದು ಸುರಿದುಕೊಳ್ಳುತ್ತಿದ್ದೆ. ಸ್ವಾಗತ ಸಮಿತಿಯೂ ನಾನೇ, ಮುಖ್ಯ ಅತಿಥಿಯೂ ನಾನೇ. ಹೀಗೆ ಎಷ್ಟು ವರ್ಷ! ಈಗ ನೆನೆದರೂ ಹಲ್ಲು ಕಡಿಯುವಂತಾಗುತ್ತದೆ, ಇರುವ ನಾಲ್ಕು ಹಲ್ಲಿನ ಬಗ್ಗೆ ಡೆಂಟಿಸ್ಟ್ ಎಚ್ಚರಿಸಿದ್ದರೂ.

ರಿಟೈರಾಗಿ ತುಮಕೂರಿನಲ್ಲೇ ನೆಲೆಸಿದ ಮೇಲೆ ನನ್ನ ಬಸ್ಸುಗಳೆಲ್ಲ ನಿಂತುಹೋಗಿವೆ. ಅಡುಗೆಗೆ ಬರುವ ನಾಗಮ್ಮ ಮಾತ್ರ ಹೆಬ್ಬೂರಿನಿಂದ ನಿಂತುಕೊಂಡೇ ಬರುತ್ತಾಳೆ. ಮೊದಲ ದಿನ ಹೊಸ್ತಿಲಲ್ಲಿ ನಿಂತು, "ಇದ್ಯಾರ್ಗಮ್ಮ ನೀರು?" ಎಂದಳು.

"ನಿಂಗೇ ಕಣೇ."

"ಸುಮ್ಕಿರಿ ಅಮ್ಮಾವ್ರೇ, ತಮಾಸೆ ಮಾಡ್ಬೇಡಿ" ಎಂದು ನಕ್ಕು, ಇಡೀ ಚೊಂಬನ್ನು ದಾಸವಾಳದ ಬುಡಕ್ಕೆ ಸುರಿದು ಒಳಗೆ ನಡೆದಳು.

ನನಗೆ ಎಂಥ ಸಿಟ್ಟು ಬಂತೆಂದರೆ, ಮಂಡಿನೋವನ್ನೂ ಲೆಕ್ಕಿಸದೆ ಎದ್ದು ಹೋಗಿ ಚೊಂಬನ್ನು ಮತ್ತೆ ತುಂಬಿದೆ, ಅವಳನ್ನು ಹೊರಗೆ ಕರೆದೆ.