ಒಬ್ಬರಿಗೆ ಒಂದು ಟೇಬಲ್ಲು

ಡೈವೋರ್ಸಾದ ವರ್ಷ ಒಂದು ಹೊಸ ಅಭ್ಯಾಸ ಮಾಡಿಕೊಂಡೆ. ಭಾನುವಾರ ಬೆಳಿಗ್ಗೆ ಅಮೆರಿಕದ ಮಿಲ್ಪಿಟಾಸ್‌ನ ನನ್ನ ಅಪಾರ್ಟ್‌ಮೆಂಟಿನಿಂದ ಪಕ್ಕದೂರು ಫ್ರೀಮಾಂಟಿಗೆ ಹೋಗಿ, ಅಲ್ಲಿನ ಒಂದು ಪುಟ್ಟ ಹೋಟೆಲಿನಲ್ಲಿ ಒಬ್ಬಳೇ ಕೂತು ದೋಸೆ ತಿನ್ನುವುದು. ಯಾರಿಗೂ ಬಡಿಸಬೇಕಿಲ್ಲ, ಯಾರ ಮೂಡೂ ನೋಡಬೇಕಿಲ್ಲ. ವಾರವಿಡೀ ಆ ಹೊತ್ತಿಗಾಗಿ ಕಾಯುತ್ತಿದ್ದೆ.

ಅಲ್ಲಿ ಜನ ಜಾಸ್ತಿ. ಬಾಗಿಲ ಬಳಿ ಹೆಸರು, ಫೋನ್ ನಂಬರು ಕೊಟ್ಟು ಕಾಯಬೇಕು. ಅದನ್ನು ಬರೆದುಕೊಳ್ಳುತ್ತಿದ್ದವನು "ಇವತ್ತೂ ಒಬ್ಬರೇನಾ ಮೇಡಂ?" ಅಂತ ನಗುತ್ತಿದ್ದ. ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆಮೇಲಾಮೇಲೆ ಟೇಬಲ್ಲಿಗೇ ಬಂದು ಎದುರಿನ ಕುರ್ಚಿಯಲ್ಲಿ ಕೂರತೊಡಗಿದ. ಒಂದು ಸಂಜೆ ಆಫೀಸಿನಲ್ಲಿ ಮೀಟಿಂಗು ಮುಗಿಸಿ ಫೋನ್ ನೋಡಿದರೆ ಅವನ ಮೆಸೇಜು: "ನೀಲಿ ಕುರ್ತಾ ನಿಮಗೆ ಚೆನ್ನಾಗಿ ಒಪ್ಪುತ್ತೆ. ಒಬ್ಬರೇ ಇದ್ದು ಬೇಜಾರಾಗಲ್ವಾ?"

ನಂಬರು ಬ್ಲಾಕ್ ಮಾಡಿದೆ, ಹೋಟೆಲನ್ನೂ ಬಿಟ್ಟೆ.

ಆ ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಅವ್ವ ಬಂದಳು. ಫೋನಿನಲ್ಲಿ ನಾನು ಹೇಳಿ ಹೇಳಿ ಅವಳಿಗೂ ಆ ಹೋಟೆಲು ಗೊತ್ತಿತ್ತು. "ಈಗ ಯಾಕ ಹೋಗೂದಿಲ್ಲ?" ಅಂದಳು. ಎಲ್ಲ ಹೇಳಿದೆ. ಒಬ್ಬಳೇ ಹೋಗಿದ್ದೇ ತಪ್ಪು ಅನ್ನುತ್ತಾಳೆ ಅಂದುಕೊಂಡಿದ್ದೆ.

"ತಪ್ಪು ಮಾಡಿದಾಂವ ಅಂವ, ದೋಸೆ ಬಿಟ್ಟಾಕಿ ನೀನು. ಇದ್ಯಾವ ನ್ಯಾಯ? ಹೋಗಿ ಹೋಟೆಲಿನ ಮಾಲಕರಿಗೆ ಹೇಳು" ಅಂದಳು.

"ಹಂಗಾರ ನೀನೂ ಬಾ" ಅಂದೆ.

"ನಾ ಬಂದ್ರ, ಜೋಡಿಗೆ ಯಾರೋ ಅದಾರಂತ ಚಂದ ನಡ್ಕೋತಾರ. ನೀ ಒಬ್ಬಾಕೆನ ಹೋಗಿ ಮಾತಾಡು. ನಾ ಕಾರಿನ್ಯಾಗ ಕೂತಿರ್ತೀನಿ."

ಹೋದೆ. ಹೋಟೆಲಿನ ಒಡತಿ, ಹೆಚ್ಚುಕಡಿಮೆ ನನ್ನದೇ ವಯಸ್ಸಿನಾಕೆ, ಕೌಂಟರಿನಲ್ಲಿದ್ದಳು. ನನ್ನ ಮಾತು ಕೇಳಿ ಮೊದಲು, "ಅವನು ಎಲ್ಲರ ಜೊತೆನೂ ಫ್ರೆಂಡ್ಲಿಯಾಗಿರ್ತಾನೆ" ಅಂದಳು. ಮೆಸೇಜು ತೋರಿಸಿದೆ. ಓದುತ್ತಾ ಅವಳ ಮುಖ ಬಿಗಿಯಾಯಿತು. ಪಕ್ಕದಲ್ಲಿ ಲೋಟ ಒರೆಸುತ್ತಿದ್ದ ಸರ್ವರ್ ಹುಡುಗಿ ಮೆಲ್ಲಗೆ, "ನನಗೂ ಹೀಗೇ ಕಳಿಸ್ತಾನೆ. ಕೆಲಸ ಹೋಗುತ್ತೆ ಅಂತ ಹೇಳಿರಲಿಲ್ಲ" ಅಂದಳು.

ಒಡತಿ ನನಗಿಂತ ಮೊದಲು ಆ ಹುಡುಗಿಯ ಕಡೆ ತಿರುಗಿ "ಸಾರಿ" ಅಂದಳು.

ಅದೇ ವಾರ ಅವನನ್ನು ಕೆಲಸದಿಂದ ತೆಗೆದರು. ಈಗ ಅಲ್ಲಿ ಯಾರ ನಂಬರನ್ನೂ ಕೇಳುವುದಿಲ್ಲ; ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾರೆ. ಮತ್ತೆ ಹೋದ ಮೊದಲ ಭಾನುವಾರ ಗೋಡೆಗೆ ಬೆನ್ನು ಹಾಕಿ ಕೂತೆ, ಚಟ್ನಿ ಬಡಿಸಲು ಬಂದವರನ್ನು ಕಂಡರೂ ಬೆಚ್ಚಿದೆ. ಕ್ರಮೇಣ ಸರಿಹೋಯಿತು.

ವಾಪಸು ಹೊರಡುವ ಮುಂಚೆ ಅವ್ವ, "ಇಷ್ಟು ವಯಸ್ಸಾತು, ಒಮ್ಮೆನೂ ಹೋಟೆಲಿನ್ಯಾಗ ಒಬ್ಬಾಕೆನ ಕೂತು ತಿಂದಿಲ್ಲ ನೋಡು. ನನ್ನ ಅಲ್ಲಿ ಬಿಟ್ಟು ನೀ ಗ್ರೋಸರಿ ಮುಗಿಸ್ಕೊಂಡು ಬಾ" ಅಂದಳು.

ಮುಗಿಸಿ ಬಂದರೆ, ಕಿಟಕಿ ಪಕ್ಕ ಆರಾಮಾಗಿ ಕೂತು ಇನ್ನೊಂದು ಕಾಫಿ ತರಿಸಿಕೊಂಡಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಕೈ ಬೀಸಿದಳು.

"ನಂದಿನ್ನೂ ಮುಗಿದಿಲ್ಲ. ನೀ ಇನ್ನೊಂದು ಸುತ್ತು ಹೊಡಕೊಂಡು ಬಾ, ಹೋಗು."